ತುಂಗಮ್ಮನ ಉಪ್ಪಿನ ದೀಪ

ಉಗುರಿನಗಲದ ಗಾಜಿನ ಬಿಲ್ಲೆಯೊಂದು ಕರಿಗುಡ್ಡದ ದೂರದರ್ಶಕದ ಬಾಲಕ್ಕೆ ಅಂಟಿಕೊಂಡು ಸಂಜೆಯ ಮೊದಲ ಚುಕ್ಕಿಯ ಬೆಳಕನ್ನು ಹೀರುತ್ತಿತ್ತು. ಇದೇ ಬೆಳಕಿನ ಚಿಪ್. ಅದರೊಳಗೆ ಕೊರೆದ, ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಹರಿದ ಬೆಳಕು ಬಣ್ಣಬಣ್ಣವಾಗಿ ಬೇರ್ಪಟ್ಟು, ಯಾವ ನಕ್ಷತ್ರದಲ್ಲಿ ಯಾವ ಧಾತುವಿದೆ ಎಂಬುದನ್ನು ಗೆರೆಗಳಲ್ಲಿ ತೋರಿಸುತ್ತಿತ್ತು. ಹಿಂದೆ ಈ ಕೆಲಸ ಮಾಡುತ್ತಿದ್ದ ರೋಹಿತದರ್ಶಕ ಒಂದು ಕೋಣೆಯನ್ನೇ ನುಂಗಿತ್ತು. ಈಗ ಅಲ್ಲಿ ಹಪ್ಪಳದ ಡಬ್ಬಿಗಳಿದ್ದವು.

ಗುಮ್ಮಟ ತೆರೆಯುವ ಶೇಷಪ್ಪನಿಗೆ ಈ ಬಿಲ್ಲೆಯ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಹೆಂಡತಿ ತುಂಗಮ್ಮ ತೀರಿಕೊಂಡ ಮೇಲೆ ದೇವರ ಮೇಲೂ ಸ್ವಲ್ಪ ಸಿಟ್ಟಿತ್ತು. ಅವನೊಡನೆ ಮಾತು ಮಾತ್ರ ಬಿಟ್ಟಿರಲಿಲ್ಲ.

"ಮತ್ತೆ ಉಪ್ಪು," ಎಂದರು ಚಿಪ್ ತಯಾರಿಸಿದ ಡಾ. ಮಂದಾಕಿನಿ, ಪರದೆ ನೋಡುತ್ತ. "ಯಾವ ಚುಕ್ಕಿ ನೋಡಿದ್ರೂ ಉಪ್ಪಿನಲ್ಲಿರೋ ಅದೇ ಸೋಡಿಯಂನ ಹಳದಿ ಗೆರೆ. ನಾಳೆ ಪರೀಕ್ಷೆಗೆ ಸಮಿತಿಯವರು ಬಂದು ಇದನ್ನ ನೋಡಿದ್ರೆ ನನ್ನ ಚಿಪ್ ಕಸದ ಬುಟ್ಟಿಗೆ."

"ಭಗವಂತನಿಗೆ ಅಡುಗೆಯಲ್ಲಿ ಕೈ ತಪ್ಪಿರಬೇಕು ತಾಯಿ. ಪಾಪ, ಅವನಿಗೂ ವಯಸ್ಸಾಯ್ತು."

ಮಂದಾಕಿನಿ ನಗಲಿಲ್ಲ. ಹೊರಗಿನ ಬೆಳಕು ಎಲ್ಲಿಂದಾದರೂ ನುಸುಳುತ್ತಿದೆಯೇ ಎಂದು ಗುಮ್ಮಟವನ್ನು ಸುತ್ತಿ ಬಂದರು. ಹೊರಮೆಟ್ಟಿಲ ಹಿಂದೆ ಮಣ್ಣಿನ ಹಣತೆಯೊಂದು ಉರಿಯುತ್ತಿತ್ತು; ಅದರ ಬೆಳಕು ಗುಮ್ಮಟದ ತೆರೆದ ಬಾಯಿಗೂ ತಾಗುತ್ತಿತ್ತು.

"ಇಲ್ಲಿ ದೀಪ ಹಚ್ಚಬಾರದು ಅಂತ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಹಿಂದೆ ಇಟ್ಟಿದ್ದು. ದೇವರಿಗೆ ಕಾಣುತ್ತೆ, ನಿಮಗೆ ಕಾಣೋಲ್ಲ ಅಂದ್ಕೊಂಡಿದ್ದೆ."

"ಎಣ್ಣೆಗೆ ಏನು ಹಾಕಿದ್ದೀರಿ?"

"ಚಿಟಿಕೆ ಉಪ್ಪು. ಎಣ್ಣೆ ಬೇಗ ತೀರೋಲ್ಲ ಅಂತಿದ್ಲು ನಮ್ಮೋಳು. ವರ್ಷದ ತಿಥಿವರೆಗೂ ಆರಿಸೋಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ."

"ಆರಿಸಲೇಬೇಕು, ಶೇಷಪ್ಪನವರೇ."

ಶೇಷಪ್ಪ ಬಗ್ಗಿ, ಬತ್ತಿಯನ್ನು ಎಣ್ಣೆಗೆಳೆದ.

ಪರದೆಯಿಂದ ಹಳದಿ ಗೆರೆ ಮಾಯವಾಯಿತು. ಆದರೆ ಉಳಿದ ಗೆರೆಗಳು ಕುಡಿದವರಂತೆ ಅತ್ತಿತ್ತ ಜರುಗುತ್ತಿದ್ದವು. ಚಿಪ್ ಬಿಸಿಯಾದಂತೆ ಅಳತೆ ತಪ್ಪುತ್ತಿತ್ತು. ಎಷ್ಟು ತಪ್ಪಿತೆಂದು ಹೇಳುವವರಿಲ್ಲ. ಹಳೆಯ ಯಂತ್ರದಲ್ಲಿ ಅದಕ್ಕೆಂದೇ ಒಂದು ದೀಪದ ಪೆಟ್ಟಿಗೆಯಿತ್ತು. ಸಾಧನ ಚಿಕ್ಕದಾಗಲೆಂದು ಅದನ್ನು ಕಿತ್ತುಹಾಕಿದವರು ಮಂದಾಕಿನಿಯವರೇ.

ಅವರು ಮೆಟ್ಟಿಲಿಳಿದು ಬಂದರು. "ಹಚ್ಚಿ."

"ಆರಿಸಿ ಅಂದೋರೂ ನೀವೇ."

"ಉಪ್ಪಿನ ಗೆರೆ ಎಲ್ಲಿರಬೇಕು ಅಂತ ನಮಗೆ ಖಚಿತವಾಗಿ ಗೊತ್ತು. ಅದು ಎಷ್ಟು ಜರುಗುತ್ತೋ, ಚಿಪ್ ಅಷ್ಟು ತಪ್ಪಿದೆ ಅಂತ. ಅದನ್ನ ಹಿಡ್ಕೊಂಡು ಉಳಿದದ್ದನ್ನೆಲ್ಲ ತಿದ್ದಬಹುದು. ನಾಳೆ ಸಮಿತಿ ಮುಂದೆಯೂ ಇದೇ ದೀಪ ಇರಲಿ."

ಶೇಷಪ್ಪ ಹೊಸ ಬತ್ತಿ ಹೊಸೆದು, ಎಣ್ಣೆ ಎರೆದು, ಚಿಟಿಕೆ ಉಪ್ಪು ಉದುರಿಸಿದ. ಕಡ್ಡಿ ಗೀರಿದ. ಮಂದಾಕಿನಿ ಗಾಳಿಗೆ ಅಡ್ಡವಾಗಿ ನಿಂತರು.

"ಕೇಳಿದೆಯೇನಪ್ಪಾ," ಎಂದ ಅವನು ಆಕಾಶದತ್ತ ಮುಖವೆತ್ತಿ. "ಇಷ್ಟು ವರ್ಷ ನಮ್ಮೋಳು ನನ್ನನ್ನ ತಿದ್ದಿದ್ಲು. ಇನ್ನು ನಿನ್ನ ಚುಕ್ಕಿಗಳ ಸರದಿ. ಎದುರು ಮಾತಾಡಬೇಡ, ನಾನು ಆಡಿ ನೋಡಿದ್ದೀನಿ."