ಇಪ್ಪತ್ತೊಂದನೆಯ ಪಾಲು

ಬೆಳಗಿನ ಪಾಳಿ ಶುರುವಾಗಿ ಗಂಟೆ ಕಳೆದಿತ್ತು. ಕ್ರೇನಿನ ಗೂಡಿನಲ್ಲಿ ಕುಳಿತಿದ್ದ ಹೊನ್ನೂರಪ್ಪನಿಗೆ ಇದ್ದಕ್ಕಿದ್ದಂತೆ ಕುಡಿಯಬೇಕೆನಿಸಿತು. ಕಿವಿಯ ಹಿಂದೆ ಚರ್ಮದಡಿ ಹುದುಗಿಸಿದ್ದ ಅಕ್ಕಿಕಾಳಿನಷ್ಟು ಯಂತ್ರ ಮೆಲ್ಲನೆ ಮಿಡಿಯಿತು. ಮರುಕ್ಷಣ ಏನೂ ಇರಲಿಲ್ಲ. ಕೆಳಗೆ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಇಪ್ಪತ್ತು ಜನ ಒಟ್ಟಿಗೆ ಉಗುಳು ನುಂಗಿದರು, ಅಷ್ಟೇ.

ಅದರ ಹೆಸರು ಹಂಬಲವಿತರಕ. ಚಟವನ್ನು ಕೊಲ್ಲಲಾಗದು, ಹಂಚಬಹುದು ಎಂಬುದು ಅದನ್ನು ರೂಪಿಸಿದ ಡಾ. ಶಾಲ್ಮಲಿ ಕಾಮತರ ಸಿದ್ಧಾಂತ. ಕುಡುಕನ ಮಿದುಳಿನಲ್ಲಿ ಏಳುವ ಹಂಬಲದ ಅಲೆಯನ್ನು ಯಂತ್ರ ಹಿಡಿದು, ಒಪ್ಪಿಕೊಂಡ ಸಹೋದ್ಯೋಗಿಗಳ ಮಿದುಳಿಗೆ ಚೂರುಚೂರಾಗಿ ರವಾನಿಸುತ್ತಿತ್ತು. ಇಪ್ಪತ್ತರಲ್ಲಿ ಒಂದು ಪಾಲು ಯಾರನ್ನೂ ಸಾರಾಯಿ ಅಂಗಡಿಗೆ ಎಳೆಯುವಷ್ಟಿರಲಿಲ್ಲ. ಕೆಲಸದಿಂದ ತೆಗೆಯಬೇಕಾದವರನ್ನು ಉಳಿಸಿಕೊಳ್ಳಲು ಕಾರ್ಖಾನೆಯ ನೌಕರ ನೆರವು ವಿಭಾಗ ಇದನ್ನು ತಂದಿತ್ತು.

ಹೊನ್ನೂರಪ್ಪ ಎಂಟು ತಿಂಗಳಿಂದ ಕುಡಿದಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಹಾಕಿದ್ದನ್ನು ಉಣ್ಣುತ್ತಿದ್ದ, ಮಲಗುತ್ತಿದ್ದ. ಹೇಗಿದ್ದೀಯ ಎಂದರೆ ಸ್ವಲ್ಪ ಯೋಚಿಸಿ “ಏನೂ ಇಲ್ರಿ” ಎನ್ನುತ್ತಿದ್ದ. ವಿಭಾಗದವರು ಅದನ್ನು ‘ಸ್ಥಿರ’ ಎಂದು ಬರೆದುಕೊಳ್ಳುತ್ತಿದ್ದರು.

ಒಂದು ದಿನ ಕ್ಯಾಂಟೀನಿನಲ್ಲಿ ಫಿಟ್ಟರ್ ಮಾಬುಸಾಬ ಎದುರು ಬಂದು ಕುಳಿತ. ಅವನೂ ಆ ಇಪ್ಪತ್ತರಲ್ಲಿ ಒಬ್ಬ.

“ಹೊನ್ನೂರಾ, ಮಧ್ಯಾಹ್ನ ಎರಡು ಗಂಟಿ ಆತಂದ್ರ ನಮಗೆಲ್ಲಾ ಗೇಟಿನ ಕಡಿ ನೋಡಂಗಾಗ್ತತಿ. ಯಾರೋ ಬರೋರದಾರ ಅನಸ್ತತಿ. ಯಾರೂ ಬರಂಗಿಲ್ಲ. ಎದಿ ಹಿಂಡಿದಂಗಾಗ್ತತಿ. ಯಾರಪ್ಪಾ ಅದು?”

“ನನ್ನ ಹೆಂಡ್ತಿ. ಬುತ್ತಿ ತರ್ತಿದ್ಲು. ಸತ್ತು ಎರಡು ವರ್ಷ ಆತು,” ಎಂದ ಹೊನ್ನೂರಪ್ಪ, ಮೀಟರಿನ ಅಂಕಿ ಓದಿದಂತೆ.

ಮಾಬುಸಾಬನ ಕಣ್ಣು ತುಂಬಿದವು. ಹೊನ್ನೂರಪ್ಪ ಅವನನ್ನೇ ನೋಡಿದ. ತನ್ನ ದುಃಖವನ್ನು ಬೇರೆಯವರು ಅಳುತ್ತಿದ್ದಾರೆ ಎಂದು ತಿಳಿಯಿತು. ತಿಳಿದದ್ದಷ್ಟೇ, ಏನೂ ಅನ್ನಿಸಲಿಲ್ಲ. ಊಟ ಬಿಟ್ಟು ಎದ್ದು ಡಾ. ಕಾಮತರ ಕೋಣೆಗೆ ನಡೆದ.

“ಮಿದುಳಿಗೆ ಹಂಬಲವೆಲ್ಲ ಒಂದೇ,” ಎಲ್ಲವನ್ನೂ ಕೇಳಿಕೊಂಡ ಡಾ. ಕಾಮತ್ ಹೇಳಿದರು. “ಹೆಂಡದ್ದು ಯಾವುದು, ಹೆಂಡತಿಯದು ಯಾವುದು ಎಂದು ಯಂತ್ರ ವಿಂಗಡಿಸಲಾರದು. ನಾವು ಇದನ್ನು ಯೋಚಿಸಿರಲಿಲ್ಲ.”

“ಹಂಗಾರ ನಂದು ನನಗ ಕೊಡ್ರಿ.”

“ಕುಡಿತವೂ ಮರಳಿ ಬರುತ್ತದೆ. ಈ ಸಲ ಕೆಲಸ ಹೋದೀತು.”

ಜೊತೆಗೆ ಬಂದಿದ್ದ ಮಾಬುಸಾಬ ಬಾಗಿಲಿನಿಂದಲೇ ಹೇಳಿದ: “ಪೂರಾ ಕೊಡಬ್ಯಾಡ್ರಿ ಮೇಡಂ, ಸತ್ತೇ ಹೋಗ್ತಾನ. ನಮ್ಮ ಪಾಲು ನಮ್ಮಲ್ಲೇ ಇರ್ಲಿ. ಅವನನ್ನೂ ಪಾಲಿನಾಗ ನಮ್ಮ ಜೋಡಿ ಸೇರಿಸ್ರಿ.”

ಅಂದಿನಿಂದ ಇಪ್ಪತ್ತೊಂದು ಪಾಲಾಯಿತು. ಆ ತಿಂಗಳು ಹೊನ್ನೂರಪ್ಪ ಎರಡು ಸಲ ಕುಡಿದ, ಎರಡು ಸಲವೂ ತಾನೇ ವಿಭಾಗಕ್ಕೆ ಹೋಗಿ ಒಪ್ಪಿಕೊಂಡದ್ದರಿಂದ ಕೆಲಸ ಉಳಿಯಿತು. ಮೂರನೆಯ ವಾರದ ಒಂದು ಮಧ್ಯಾಹ್ನ, ಎಲ್ಲರೂ ಕ್ಯಾಂಟೀನಿನಲ್ಲಿ ಗೇಟಿನ ಕಡೆ ನೋಡುತ್ತ ಕುಳಿತಿದ್ದಾಗ, ಜೋಮು ಹಿಡಿದ ಕಾಲಿಗೆ ರಕ್ತ ಹರಿದಂತೆ ಅವನ ಎದೆಯಲ್ಲಿ ಸಣ್ಣಗೆ ಚುಚ್ಚಿತು.

“ಹುಲಿಗೆಮ್ಮ ಅಂತ ಆಕಿ ಹೆಸರು,” ಎಂದ.

ಇಪ್ಪತ್ತು ಜನ ಅವನತ್ತ ತಿರುಗಿದರು. ಮಾಬುಸಾಬ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಹೇಳು,” ಎಂದ.