ಮಡಚಿಟ್ಟ ಎರಡು ಕುರ್ಚಿ

"ಒಂದು ದಿನಕ್ಕೆ ಜಾಗ ಸಿಗುತ್ತಾ?"

ಆ ದನಿ ಕೇಳಿದ್ದೇ ತಡ, ಸಮುದ್ರತೀರದ ಕ್ಯಾಂಪಿನ ಬುಕಿಂಗ್ ಪುಸ್ತಕದ ಮೇಲೆ ಓಡುತ್ತಿದ್ದ ಅವಳ ಪೆನ್ನು ನಿಂತುಬಿಟ್ಟಿತು.

ತಲೆ ಎತ್ತುವ ಧೈರ್ಯವಾಗಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆಫೀಸಿನ ಕಿಟಕಿಯ ಮೇಲೆ ಊರಿದ್ದ ಆ ಕೈ, ಬಿಸಿಲಿಗೆ ಕಂದಿದ ಆ ಮಣಿಕಟ್ಟು... ಹದಿಮೂರು ತಿಂಗಳಿಂದ ಮರೆಯಲು ಹೆಣಗಿದ್ದು ಇದನ್ನೇ ಅಲ್ಲವೇ!

"ಸಿಗುತ್ತೆ. ಟೆಂಟಾ, ವ್ಯಾನಾ?"

ಕೇಳಿದ ಮೇಲೆ ನಾಚಿಕೆಯಾಯಿತು. ಅವನ ಬಿಳಿ ಕ್ಯಾಂಪರ್ ವ್ಯಾನು ಗೇಟಿನಲ್ಲೇ ನಿಂತಿತ್ತು.

"ವ್ಯಾನು. ಏಳನೇ ನಂಬರ್ ಖಾಲಿ ಇದ್ರೆ..."

"ಏಳು ಈಗಿಲ್ಲ. ಮುಂದಿನ ಸಾಲು ಪೂರ್ತಿ ಸಮುದ್ರಕ್ಕೆ ಹೋಯ್ತು."

ಅವನು ತೀರದ ಕಡೆ ತಿರುಗಿ ನೋಡಿದ.

"ಅದನ್ನ ಅಳೆಯೋಕೇ ಬಂದಿದ್ದು. ಇದು ಕೊನೇ ಸಲ. ನಾಳೆ ಹನ್ನೊಂದಕ್ಕೆ ಹೊರಡ್ತೀನಿ. ಇನ್ಮೇಲೆ ಈ ಕಡೆಗೆ ಬೇರೆಯವರು ಬರ್ತಾರೆ."

ಕೊನೇ ಸಲ!

ಅವಳು ಹತ್ತೊಂಬತ್ತನೇ ನಂಬರು ಬರೆದುಕೊಟ್ಟಳು. "ನೀರಿನ ಪೈಪು ಎಡಗಡೆ ಇದೆ," ಎಂದಳು. ಹದಿಮೂರು ತಿಂಗಳ ನಂತರ ಅವನಿಗೆ ಹೇಳಲು ಅವಳಿಗೆ ಸಿಕ್ಕಿದ್ದು ಇಷ್ಟೇ.

ಸಮುದ್ರ ಎಷ್ಟು ಒಳಗೆ ಬಂದಿದೆ ಎಂದು ಅಳೆದು ವರದಿ ಬರೆಯುವುದು ಅವನ ಕೆಲಸ. ತೀರದುದ್ದಕ್ಕೂ ವ್ಯಾನಿನಲ್ಲೇ ವಾಸ. ಉದ್ದನೆಯ ಟೇಪು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದುದರಿಂದ, ಕ್ಯಾಂಪಿನ ಒಡತಿಯಾದ ಅವಳ ಅತ್ತೆ ಅವನಿಗೆ 'ಟೇಪಪ್ಪ' ಎಂದು ಹೆಸರಿಟ್ಟಿದ್ದರು.

ಅವನು ಮೊದಲ ಸಲ ಬಂದಾಗ ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಜ್ವರವೆಂದು ಮಲಗಿದವನು ಹನ್ನೊಂದನೇ ದಿನ ಇರಲಿಲ್ಲ. ಅಂದಿನಿಂದ ಅವಳ ಕೈಗಳು ಕೆಲಸ ಮಾಡುತ್ತಿದ್ದವು, ಅವಳು ಮಾತ್ರ ಎಲ್ಲೋ ಇರುತ್ತಿದ್ದಳು. ಹಾಸಿಗೆ ಬಟ್ಟೆ ಒಗೆಯುವುದು, ನಲ್ಲಿ ತೊಳೆಯುವುದು, ನಗುವುದು... ಎಲ್ಲ ಕೈ ಅಭ್ಯಾಸದಂತೆಯೇ.

ಅವನು ಸಮಾಧಾನ ಹೇಳಲು ಬರಲಿಲ್ಲ. ಪ್ರತಿ ಸಂಜೆ ಬಂದು, "ಇವತ್ತು ಎರಡು ಬೆರಳು ಒಳಗೆ ಬಂದಿದೆ," ಎಂದು ವರದಿ ಕೊಡುತ್ತಿದ್ದ. ಒಂದು ದಿನ ಅವಳೇ, "ಇವತ್ತೆಷ್ಟು?" ಎಂದು ಕೇಳಿದಳು. ಕೇಳಿ ತಾನೇ ಬೆಚ್ಚಿದಳು.

ಕ್ಯಾಂಪಿನಲ್ಲಿ ಒಂದು ಪದ್ಧತಿಯಿತ್ತು. ನಾಲ್ಕು ದಿನ ಹೊರಗೆ ಹೋಗುವವರು ತಮ್ಮ ಕುರ್ಚಿಯನ್ನು ಬಿಡಿಸಿಟ್ಟು ಹೋಗಬೇಕು. ಕುರ್ಚಿ ತೆರೆದಿದ್ದರೆ ಮರಳಿ ಬರುತ್ತಾರೆಂದು ಅರ್ಥ. ಮಡಚಿಟ್ಟರೆ ಜಾಗ ಬಿಟ್ಟರೆಂದು ಅರ್ಥ.

ಆ ಸಲ ನಾಲ್ಕು ದಿನದ ಕೆಲಸಕ್ಕೆ ಹೊರಡುವಾಗ ಅವನು ಏಳನೇ ನಂಬರಿನಲ್ಲಿ ಎರಡು ಕುರ್ಚಿ ಬಿಡಿಸಿಟ್ಟಿದ್ದ.

"ಎರಡನೇದು ನಿಮ್ಮದು," ಎಂದಿದ್ದ ಕಿವಿ ಕೆಂಪಾಗಿ. "ಒಪ್ಪಿಗೆ ಇದ್ರೆ ಹಾಗೇ ಬಿಡಿ. ಇಲ್ಲಾಂದ್ರೆ ಮಡಚಿಟ್ಬಿಡಿ. ನಾನು ಬಂದು ಏನೂ ಕೇಳಲ್ಲ. ಮಾತು ಕೊಡ್ತೀನಿ."

ಅವಳು ಹಾಗೇ ಬಿಟ್ಟಳು. ಮೂರು ದಿನ, ದಿನಕ್ಕೆ ಹತ್ತು ಸಲ ಹೋಗಿ ನೋಡಿಬಂದಳು!

ಮೂರನೇ ದಿನ ಮಧ್ಯಾಹ್ನ ಬಿರುಗಾಳಿಯ ಎಚ್ಚರಿಕೆಯ ಬಾವುಟ ಏರಿತು. ಬಾವುಟ ಏರಿದರೆ ಕುರ್ಚಿ, ಮೇಜು, ಕೊಡೆ ಎಲ್ಲ ಹತ್ತು ನಿಮಿಷದಲ್ಲಿ ಮಡಚಿ ನೆಲಕ್ಕೆ ಮಲಗಿಸಬೇಕು. ಅವಳ ಕೈಗಳು ಸಾಲಾಗಿ ಮೂವತ್ತನಾಲ್ಕು ಕುರ್ಚಿ ಮಡಚಿದವು. ಅದರಲ್ಲಿ ಆ ಎರಡೂ ಇದ್ದವೆಂದು ಅವಳಿಗೆ ಹೊಳೆದದ್ದು, ಸಂಜೆ ಗಾಳಿ ನಿಂತ ಮೇಲೆ.

ಬಿಡಿಸಿಡಲು ಅರೆಕ್ಷಣ ಸಾಕಿತ್ತು.

*

"ಟೇಪಪ್ಪ ಬಂದಿದ್ದಾನೆ!" ಮರುದಿನ ಬೆಳಿಗ್ಗೆ ಅತ್ತೆ ಹಾಸಿಗೆ ಬಟ್ಟೆ ಮಡಚುತ್ತ ಶುರುಮಾಡಿದರು. "ಕಳೆದ ಸಲ ಹೇಳದೆ ಕೇಳದೆ ಕಾಲ್ಕಿತ್ತ. ನನ್ನ ಮಿಕ್ಸಿ ಬಿಚ್ಚಿ ಹಾಕಿದ್ದ, ಜೋಡಿಸಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದವನೇ ಅದನ್ನ ಕೇಳ್ದ ನೋಡು. ನಾಚಿಕೆ ಇರೋ ಮನುಷ್ಯ."

ಅವಳು ದಿಂಬಿನ ಕವರ್ ಎಣಿಸತೊಡಗಿದಳು.

"ಹನ್ನೊಂದಕ್ಕೆ ಹೋಗ್ತಾನಂತೆ."

"ಗೊತ್ತು ಅತ್ತೆ."

"ಗೊತ್ತಿದ್ದೂ ದಿಂಬಿನ ಕವರ್ ಎಣಿಸ್ತಾ ಕೂತಿದ್ದೀಯಲ್ಲ, ನಿನ್ನ ತಲೇಲಿ ಇರೋದೇನು, ಹತ್ತೀನಾ?"

ಅವಳು ಥಟ್ಟನೆ ತಲೆಯೆತ್ತಿದಳು. ಅತ್ತೆ ನಗುತ್ತಿರಲಿಲ್ಲ.

"ಆ ಎರಡು ಕುರ್ಚಿ ನಾನೂ ನೋಡಿದ್ದೆ ಕಣೆ," ಎಂದರು, ಬಟ್ಟೆಯ ಅಂಚನ್ನು ಸರಿಮಾಡುತ್ತ. "ಗಾಳಿ ನಿಂತ ಮೇಲೆ ನೀನು ಅದರ ಮುಂದೆ ನಿಂತಿದ್ದನ್ನೂ ನೋಡಿದೆ. ನಾನಾದ್ರೂ ಬಿಡಿಸಿಡಬಹುದಿತ್ತು. ಕೈ ಬರಲಿಲ್ಲ. ನೀನೂ ಹೋದ್ರೆ ನನ್ನ ಮಗ ಇನ್ನೊಂದ್ಸಲ ಹೋದ ಹಾಗೆ ಅನ್ನಿಸ್ತು."

"ಅತ್ತೆ..."

"ಕೆಟ್ಟ ಮುದುಕಿ ನಾನು. ಬೈಯೋದಿದ್ರೆ ಮಧ್ಯಾಹ್ನ ಬೈಯಿ. ಈಗ ಹೋಗು, ಹತ್ತೂವರೆ ಆಯ್ತು!"

ಅವಳು ಬೈಯಲಿಲ್ಲ. ಅತ್ತೆಯ ಕೈಯನ್ನೊಮ್ಮೆ ಒತ್ತಿ ಹಿಡಿದು, ಓಡಿದಳು.

*

ಹತ್ತೊಂಬತ್ತನೇ ನಂಬರಿನಲ್ಲಿ ನೀರಿನ ಪೈಪು ಸುತ್ತಿಟ್ಟಾಗಿತ್ತು. ವ್ಯಾನಿನ ಇಂಜಿನ್ ಗುರುಗುಡುತ್ತಿತ್ತು. ಅವನು ಸ್ಟಿಯರಿಂಗ್ ಮುಂದೆ ಕೂತಿದ್ದ.

"ಕುರ್ಚಿ ಮಡಚಿದ್ದು ಗಾಳಿ ಬಾವುಟ ಏರಿತ್ತು ಅಂತ!" ಏದುಸಿರಿನಲ್ಲೇ ಹೇಳಿದಳು.

"ಏನು?"

"ಎಲ್ಲರದ್ದೂ ಮಡಚಿದೆ. ನಿಮ್ಮದು ಅಂತ ನೋಡಲೇ ಇಲ್ಲ. ಬೇಡ ಅನ್ನೋಕೆ ಮಡಚಿದ್ದಲ್ಲ."

ಅವನ ಮುಖದಲ್ಲಿ ಏನೋ ಕರಗತೊಡಗಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ತಪ್ಪನ್ನೆಲ್ಲ ಗಾಳಿಯ ತಲೆಗೆ ಕಟ್ಟಿ, ಅವನ ಪಕ್ಕದ ಸೀಟಿನಲ್ಲಿ ಕೂತುಬಿಡಬಹುದಿತ್ತು.

ಬೇಡ... ಸುಳ್ಳಿನ ಮೇಲೆ ಸಂಸಾರ ಹೂಡುವುದು ಬೇಡ.

"ಪೂರ್ತಿ ಕೇಳಿ. ಗಾಳಿ ಸಂಜೆಗೇ ನಿಂತಿತ್ತು. ಬಿಡಿಸಿಡೋಣ ಅಂತ ಹೋದೆ. ಬಿಡಿಸಿಡಲಿಲ್ಲ. ಮಾರನೇ ದಿನ ನೀವು ಬಂದ್ರಿ, ಕುರ್ಚಿ ನೋಡಿದ್ರಿ, ಎತ್ತಿ ವ್ಯಾನಿಗೆ ಹಾಕ್ಕೊಂಡ್ರಿ. ನಾನು ಆಫೀಸಿನ ಕಿಟಕೀಲಿ ನಿಂತು ನೋಡ್ತಾ ಇದ್ದೆ. ಕೂಗಲಿಲ್ಲ."

"ಯಾಕೆ?"

"ಇನ್ನೊಬ್ಬರನ್ನ ಕಳ್ಕೊಳ್ಳೋ ಶಕ್ತಿ ನನಗಿರಲಿಲ್ಲ. ಅದಕ್ಕೇ... ನಿಮ್ಮನ್ನ ಮೊದಲೇ ಕಳ್ಕೊಂಡುಬಿಟ್ಟೆ."

ಅವನು ರಸ್ತೆಯ ಕಡೆ ನೋಡುತ್ತ ಬಹಳ ಹೊತ್ತು ಕೂತ. ಹೊರಟುಹೋಗುತ್ತಾನಾ? ಹೋದರೆ ತಪ್ಪೇನು?

"ನೀವು ಕಿಟಕೀಲಿ ನಿಂತಿದ್ದು ನನಗೆ ಕಾಣಿಸ್ತು," ಎಂದ ಕೊನೆಗೆ.

ಅವನು ಅವಳ ಕಡೆ ತಿರುಗಿದ.

"ಹತ್ರ ಬಂದು 'ಯಾಕೆ' ಅಂತ ಕೇಳಬೇಕಾಗಿತ್ತು. ಏನೂ ಕೇಳಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ... ಮಾತು ಉಳಿಸ್ಕೊಂಡೆ ಅಂತ ಎಷ್ಟೋ ದಿನ ಹೆಮ್ಮೆ ಪಟ್ಟೆ. ಆಮೇಲೆ ಗೊತ್ತಾಯ್ತು, ಅದು ಮಾತಲ್ಲ, ಬರೀ ಹೆದರಿಕೆ."

ಅವನು ಸ್ಟಿಯರಿಂಗ್ ಮೇಲಿಂದ ಕೈ ತೆಗೆದ.

"ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೆ. ಯಾವಾಗ ಕರ್ಕೊಂಡು ಬರ್ತೀಯಾ ಅಂತ ಕೇಳ್ತಾನೇ ಇದ್ರು. ಆರು ತಿಂಗಳ ಹಿಂದೆ ಹೋಗ್ಬಿಟ್ರು."

ಅವಳು ವ್ಯಾನಿನ ಬಾಗಿಲನ್ನು ಹಿಡಿದುಕೊಂಡಳು. ತಾನು ನೋಡದ ಒಬ್ಬ ತಾಯಿ, ತನಗಾಗಿ ಕಾದು ಕಾದು... ಇದಕ್ಕೆ ಯಾವ ಕ್ಷಮೆ ಕೇಳುವುದು? ಯಾರನ್ನು ಕೇಳುವುದು?

ಮೂರು ವರ್ಷದಿಂದ ಬಾರದ ಕಣ್ಣೀರು, ಗಂಡನ ಮಣ್ಣಿನ ದಿನವೂ ಬಾರದ ಕಣ್ಣೀರು, ಹಾಡಹಗಲಿನ ಬಿಸಿಲಿನಲ್ಲಿ ಧಾರೆಯಾಗಿ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಪಕ್ಕದ ಟೆಂಟಿನವರು ತಿರುಗಿ ನೋಡಿದರೂ ಒರೆಸಿಕೊಳ್ಳಲಿಲ್ಲ.

"ಅಳಬೇಡಿ..." ಅವನ ದನಿಯೂ ಒಡೆದಿತ್ತು. "ನಾನು ಇನ್ನೊಂದ್ಸಲ ಕೇಳ್ಲಾ?"

"ಬೇಡ. ಈ ಸಲ ನಾನು ಕೇಳ್ತೀನಿ."

"ಕೇಳಿ."

ಅವಳು ಗುರುಗುಡುವ ಇಂಜಿನ್ ಕಡೆ ನೋಡಿದಳು.

"ಮೊದಲು ಇಂಜಿನ್ ಆಫ್ ಮಾಡಿ," ಎಂದಳು. "ಅದು ಓಡ್ತಾ ಇದ್ರೆ ನನಗೆ ಭಯ ಆಗುತ್ತೆ."

ಅವನು ಕೀಲಿ ತಿರುಗಿಸಿದ. ಗುರುಗುಡುವುದು ನಿಂತಿತು. ಕೀಲಿಯನ್ನು ಕಿತ್ತು ಅವಳ ಒದ್ದೆ ಅಂಗೈಯಲ್ಲಿಟ್ಟ.

"ಈಗ ಹೇಳು," ಎಂದ. ಮೊದಲ ಬಾರಿಗೆ ಏಕವಚನದಲ್ಲಿ.

"ತಡ ಆಯ್ತು... ತುಂಬ ತಡ ಆಯ್ತು. ಆದ್ರೂ, ನನ್ನ ಜೊತೆ ಇರ್ತೀಯಾ?"

"ಇರ್ತೀನಿ."

"ಕೋಪ ಇಲ್ವಾ?"

"ಇದೆ," ಎಂದ ಅವನು, ಅವಳ ಕಣ್ಣೊರೆಸುತ್ತ. "ಜೊತೇಲಿ ಇದ್ದುಕೊಂಡೇ ಅದನ್ನ ಕಳೀತೀನಿ."