ದಿಬ್ಬದ ನೆತ್ತಿಯ ಸಸಿ

"ಅಯ್ಯೋ! ಏನ್ರೀ ಮಾಡ್ತಿದೀರಾ?"

ತಾಜಿಗುಲ್ ಕೂಗುವಷ್ಟರಲ್ಲಿ ಸಸಿ ಯಾರೋ ಹುಡುಗನ ಕೈಗೆ ಕಿತ್ತು ಬಂದಿತ್ತು. ಕ್ಯಾಮೆರಾ ಮುಂದೆ ಮರಳುದಿಬ್ಬದ ನೆತ್ತಿಯಲ್ಲಿ ಅವಳು ಈಗಷ್ಟೇ ನೆಟ್ಟಿದ್ದ ಬರ ತಾಳುವ ಸಾಕ್ಸಾವುಲ್ ಗಿಡದ ಸಸಿ!

"ಇಲ್ಲಿ ಇದು ಬದುಕಲ್ಲ," ಎಂದವನೇ ಇಳಿದು ಹೋದ.

ಎಷ್ಟು ಸೊಕ್ಕು! ಕಡಲು ಬತ್ತಿದ ಮುಯ್ನಾಕ್‌ನ ಈ ನೆಲಕ್ಕೆ ಗಿಡ ನೆಡಲು ನುಕುಸ್ ನಗರದಿಂದ ಬಸ್ಸು ಹತ್ತಿದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಬಂದದ್ದೇ ಅವಳು ಇಲ್ಲಿ ಗಿಡ ನೆಟ್ಟ ಹಳೆಯ ವಿಡಿಯೋ ನೋಡಿ.

"ಅವನು ಜಲ್ಗಾಸ್ ಕಣೇ," ಗೆಳತಿ ಪಿಸುಗುಟ್ಟಿದಳು. "ನಿನ್ನ ವಿಡಿಯೋ ಕೆಳಗೆ 'ಆ ಗಿಡ ಈಗ ಹೇಗಿದೆ' ಅಂತ ಕೇಳ್ತಾನೇ ಇದ್ನಲ್ಲ, ಅವನೇ!"

ಅಣಕವೆಂದುಕೊಂಡು ತಾಜಿಗುಲ್ ಅವನನ್ನು ಬ್ಲಾಕ್ ಮಾಡಿದ್ದಳು. ಆದರೆ... ನಿಜವಾಗಿಯೂ ಆ ಗಿಡ ಹೇಗಿದೆ? ಅವಳಿಗೇ ಗೊತ್ತಿರಲಿಲ್ಲ. ಕೋಪಕ್ಕಿಂತ ಕುತೂಹಲವೇ ದೊಡ್ಡದಾಯಿತು. ಚಹಾದ ಹೊತ್ತಿಗೆ ಅವನ ಬಳಿ ಹೋಗಿ, ಸಸಿ ಕಿತ್ತದ್ದು ಯಾಕೆಂದು ಕೇಳಿಯೇಬಿಟ್ಟಳು.

"ಬನ್ನಿ, ತೋರಿಸ್ತೀನಿ," ಎಂದ.

ಪಕ್ಕದ ದಿಬ್ಬದ ಮೇಲೆ ಒಣಕಡ್ಡಿಗಳು ಬಿದ್ದಿದ್ದವು. ಬೇರುಗಳೆಲ್ಲ ಗಾಳಿಗೆ ಬಯಲಾಗಿದ್ದವು.

"ಹೋದ ವರ್ಷ ನಾನು ನೆಟ್ಟಿದ್ದು. ನಿಮ್ಮ ವಿಡಿಯೋದಲ್ಲಿದ್ದ ಹಾಗೇ, ನೆತ್ತಿ ಮೇಲೆ."

"ಒಂದೂ ಉಳೀಲಿಲ್ವಾ?"

"ಇಲ್ಲ."

ಅವಳು ಬಗ್ಗಿ ಒಂದು ಒಣಕಡ್ಡಿ ಎತ್ತಿಕೊಂಡಳು. "ಮೇಲೆ ಬೆಳಕು ಚೆನ್ನಾಗಿತ್ತು ಅಂತ ಅಲ್ಲಿ ನೆಟ್ಟೆ, ಅಷ್ಟೇ... ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ, ಹಾಗಾಯ್ತಲ್ಲ ನನ್ನ ಕಥೆ!"

"ಆ ವಿಡಿಯೋ ಇಲ್ದಿದ್ರೆ ನಾನು ಈ ಕಡೆ ತಲೆ ಹಾಕಿ ಮಲಗ್ತಿರ್ಲಿಲ್ಲ. ಬರೋ ಮನಸ್ಸು ಕೊಟ್ಟಿದ್ದು ನೀವೇ. ನೆಡೋದು ಮಾತ್ರ ಬೇರೆ ಕಡೆ ಕಲೀಬೇಕಾಯ್ತು."

ಆಚೆ ನೋಡಿದಳು. ಒಂದೊಂದು ದಿಬ್ಬದ ನೆತ್ತಿಯಲ್ಲೂ ಒಬ್ಬೊಬ್ಬರು, ಕೈಯಲ್ಲಿ ಫೋನು ಹಿಡಿದು ಸಸಿ ಊರುತ್ತಿದ್ದರು. ಅಯ್ಯೋ, ಇವೂ ಸಾಯುತ್ತವೆ!

"ನಿಜ ಹೇಳಿದ್ರೆ ಎಲ್ಲರೂ ನಗ್ತಾರೆ..."

"ನಗ್ತಾರೆ," ಎಂದ ಜಲ್ಗಾಸ್. ಸುಳ್ಳು ಸಮಾಧಾನ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ಅವಳು ಒಣಬೇರುಗಳತ್ತ ಕ್ಯಾಮೆರಾ ತಿರುಗಿಸಿ ಲೈವ್ ಶುರು ಮಾಡಿದಳು. "ಗೆಳೆಯರೇ, ನಾನು ತಪ್ಪು ಕಲಿಸಿದೆ. ದಿಬ್ಬ ಇಳಿದು ಬನ್ನಿ..."

ದಿಬ್ಬದ ಕೆಳಗೆ, ಗಾಳಿ ಹೆಚ್ಚು ತಾಗದ ತಗ್ಗಿನಲ್ಲಿ ಅವನು ಆಳಕ್ಕೆ ಅಗೆದು ತೋರಿಸಿದ, ಅವಳು ಸಸಿ ಇಟ್ಟು ಮರಳು ತುಳಿದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಬಂದರು. ನಕ್ಕವರೂ ಇದ್ದರು. ಆದರೂ ಅವಳೆದೆ ಹಗುರವಾಗಿತ್ತು!

"ಕ್ಯಾಮೆರಾ ಆಫ್ ಆಯ್ತಾ?" ಜಲ್ಗಾಸ್ ಮೆಲ್ಲಗೆ ಕೇಳಿದ.

"ಆಯ್ತು. ಯಾಕೆ?"

"ಹೋದ ವರ್ಷ ನಾನು ಬಂದಿದ್ದು ಗಿಡಕ್ಕಲ್ಲ... ನಿನ್ನ ನೋಡೋಕೆ. ನೀನು ಬರಲೇ ಇಲ್ಲ."

ನೀವು ಹೋಗಿ ನೀನು ಆದದ್ದು ಅವಳಿಗೆ ಹಿತವಾಯಿತು. "ಮತ್ತೆ ಈ ವರ್ಷ?"

"ಈ ವರ್ಷ ಗಿಡಕ್ಕೂ ಬಂದೆ."

ಮರಳು ಮೆತ್ತಿದ ಅವನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದಳು.

"ಮುಂದಿನ ವರ್ಷಾನೂ ಬಾರೋ... ನಾನು ಇರ್ತೀನಿ."